ಗೌನಿಪಲ್ಲಿಯ ಚೀಟಿ ಮತ್ತು ನಾನು ಬರೆದ ತಕರಾರು

ಹೋದ ತಿಂಗಳು ಇಬ್ಬರು ಹೊಸ ಸಹಾಯಕ ಸರ್ಕಾರಿ ಅಭಿಯೋಜಕರು ಕೋಲಾರದ ನನ್ನ ಮನೆಗೆ ಬಂದಿದ್ದರು. ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತಂತೆ. ಕಪ್ಪು ಕೋಟಿನ ಮಡಿಕೆ ಇನ್ನೂ ಮುರಿದಿರಲಿಲ್ಲ. ಯಾವ ಪುಸ್ತಕ ಓದಬೇಕು, ಯಾವ ನ್ಯಾಯಾಧೀಶರ ಎದುರು ಹೇಗೆ ಮಾತಾಡಬೇಕು ಎಂದೆಲ್ಲ ಕೇಳಿದರು. ನನಗೆ ತೋಚಿದ್ದನ್ನು ಹೇಳಿ, ಕಾಫಿ ಕೊಟ್ಟು ಕಳಿಸಿದೆ. ಅವರು ಗೇಟು ದಾಟಿದ ಮೇಲೆ ನನಗೆ ನಾಚಿಕೆಯಾಯಿತು. ಹೇಳಬೇಕಾದದ್ದನ್ನು ಹೇಳಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮುಳಬಾಗಿಲಿನ ಕಡೆಯ ಶಾನುಭೋಗರ ಮನೆತನ. ಕಾಗದ ಪತ್ರದ ಜೊತೆ ಬೆಳೆದವಳು ನಾನು. ಕಾಗದದಲ್ಲಿ ಬರೆದದ್ದು ನಿಜ ಎಂಬ ನಂಬಿಕೆ ನನಗೆ ಹುಟ್ಟಿನಿಂದಲೇ ಬಂದಿರಬೇಕು. ಅಭಿಯೋಜಕಿಯಾಗಿ ಮೊದಲು ಹೋದದ್ದು ಮಾಲೂರಿಗೆ. ಆಗ ನಮಗೆ ಟೈಪ್‌ರೈಟರ್ ಇತ್ತು, ಅದರ 'ಳ' ಮುರಿದಿತ್ತು. ಪ್ರತಿ ತಕರಾರು ಅರ್ಜಿಯಲ್ಲೂ ಳಕಾರಗಳನ್ನು ಕೈಯಲ್ಲೇ ತುಂಬಬೇಕಿತ್ತು. ಹಾಗೆ ತುಂಬುವಾಗ ಬರೆದದ್ದನ್ನು ಇನ್ನೊಮ್ಮೆ ಓದಿದಂತಾಗುತ್ತಿತ್ತು. ಅದರ ಬೆಲೆ ಆಗ ತಿಳಿಯಲಿಲ್ಲ.

ನನ್ನ ಮೇಲಿನ ಅಧಿಕಾರಿ ಶೇಷಗಿರಿರಾಯರು. ಕೋಲಾರದಲ್ಲಿ ಕೂತು ಎಲ್ಲ ತಾಲ್ಲೂಕುಗಳ ಕಡತ ನೋಡುತ್ತಿದ್ದರು. ಹೊಟ್ಟೆ ನೋವಿನ ಮನುಷ್ಯ, ಮಜ್ಜಿಗೆ ಕುಡಿದೇ ಕಾಲ ಹಾಕುತ್ತಿದ್ದರು, ಕೋಪ ಮಾತ್ರ ಕಾದ ಹೆಂಚು. ಮಾಲೂರಿನಲ್ಲಿ ಚಿಲ್ಲರೆಗೆ ಬರ ಬಂದ ಒಂದು ವರ್ಷ ಹೋಟೆಲಿನವನೊಬ್ಬ ನಾಣ್ಯದ ಬದಲು ರಟ್ಟಿನ ಬಿಲ್ಲೆ ಕೊಡಲು ಶುರು ಮಾಡಿದ. ಬಿಲ್ಲೆ ಹೋಟೆಲು ಬಿಟ್ಟು ಹೊರಟಿತು. ಬೀಡಿ ಅಂಗಡಿಯವನು ತೆಗೆದುಕೊಂಡ, ಕ್ಷೌರದವನು ತೆಗೆದುಕೊಂಡ. ಯಾರೋ ದೂರು ಕೊಟ್ಟರು. ಪೊಲೀಸರು ಕಡತ ತಂದರು. ನಾನು ಹುರುಪಿನಿಂದ ದೋಷಾರೋಪಣ ಪಟ್ಟಿ ತಿದ್ದಿಕೊಂಡು ರಾಯರ ಹತ್ತಿರ ಹೋದೆ. ಅವರು ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಇದನ್ನ ಯಾರು ಕೊಡಬೋದು, ಯಾರು ಕೊಡಬಾರದು ಅಂತ ಕಾನೂನು ಇದೆ, ಗೊತ್ತೇನಮ್ಮ?"

"ಗೊತ್ತಿಲ್ಲ ಸಾರ್."

"ಮತ್ತೆ ಏನು ನೋಡಿ ಸಹಿ ಹಾಕಿದೆ?"

ಅಂದು ಅವರು ನನ್ನನ್ನು ಒಂದು ಗಂಟೆ ನಿಲ್ಲಿಸಿಕೊಂಡು ಪಾಠ ಮಾಡಿದರು. ಕಂಪನಿ ಸರ್ಕಾರದ ಕಾಲದಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳ ಬ್ಯಾಂಕುಗಳು ತಮ್ಮ ತಮ್ಮ ನೋಟನ್ನು ತಾವೇ ಅಚ್ಚು ಹಾಕಿಸುತ್ತಿದ್ದವು. ನೋಟು ಎಂದರೆ ಆಗ ಒಂದು ಮಾತು, ತಂದವರಿಗೆ ಕೊಡುತ್ತೇನೆ ಎಂಬ ಮಾತು. ಮಾತು ಕೊಟ್ಟವನು ಮುಳುಗಿದರೆ ಕಾಗದ ಒಲೆಗೆ. ೧೮೬೧ರಲ್ಲಿ ಸರ್ಕಾರ ಆ ಅಧಿಕಾರವನ್ನು ಬ್ಯಾಂಕುಗಳಿಂದ ಕಿತ್ತುಕೊಂಡು ತಾನೇ ಇಟ್ಟುಕೊಂಡಿತು. ೧೯೩೪ರ ಕಾಯಿದೆ ಅದನ್ನು ಈಗ ನೋಟಿನ ಮೇಲೆ ಹೆಸರಿರುವ ಕೇಂದ್ರ ಬ್ಯಾಂಕಿನ ಕೈಗೆ ಕೊಟ್ಟಿತು. ಒಂದು ರೂಪಾಯಿ ನೋಟು ಮಾತ್ರ ಇವತ್ತಿಗೂ ಸರ್ಕಾರದ್ದು. ಉಳಿದಂತೆ, "ಇದನ್ನು ತಂದವರಿಗೆ ಕೇಳಿದ ಕೂಡಲೇ ಇಷ್ಟು ಕೊಡುತ್ತೇನೆ" ಎಂದು ಯಾರೂ ಬರೆದು ಕೊಡುವಂತಿಲ್ಲ, ಹುಂಡಿ ಎಂಬ ಹಣದ ಚೀಟಿ ಬರೆಯುವ ಸಾಹುಕಾರನೂ ಕೊಡುವಂತಿಲ್ಲ. ಆ ಕಾಯಿದೆಯ ಮೂವತ್ತೊಂದನೇ ಕಲಂ ಇದು.

"ಯಾರಿಗೆ ಅಂತ ಹೆಸರು ಬರೆದು ಕೊಟ್ರೆ ಅದು ಸಾಲಪತ್ರ ಆಗ್ಬೋದು. ಹೆಸರಿಲ್ದೆ ಕೈಯಿಂದ ಕೈಗೆ ಓಡಿದ್ರೆ ಅದು ನೋಟಿನ ಕೆಲಸ ಮಾಡ್ತು ಅಂತ ಅರ್ಥ" ಎಂದರು ರಾಯರು. "ಆದ್ರೆ ಕೇಳು. ಇದಕ್ಕೆ ಜೈಲಿಲ್ಲ, ದಂಡ ಅಷ್ಟೇ. ಅದೂ ಆ ಕೇಂದ್ರ ಬ್ಯಾಂಕಿನ ಅಧಿಕಾರಿ ಬಂದು ದೂರು ಕೊಟ್ರೆ ಮಾತ್ರ. ನಿನ್ನ ಇನ್ಸ್‌ಪೆಕ್ಟರಿಗೆ ಇದರಲ್ಲಿ ಕೆಲಸವೇ ಇಲ್ಲ. ಖೋಟಾ ನೋಟು ಬೇರೆ, ಇದು ಬೇರೆ. ಖೋಟಾ ಅಂದ್ರೆ ಇರೋ ನೋಟಿನ ಹಾಗೆ ಮಾಡೋದು. ಅದಕ್ಕೆ ಜೀವಾವಧಿವರೆಗೂ ಇದೆ. ಎರಡನ್ನ ಕಲಸಿದ್ರೆ ಬಡಪಾಯಿ ಒಬ್ಬ ಸಾಯ್ತಾನೆ."

ಆ ಹೋಟೆಲಿನವನನ್ನು ಎಚ್ಚರಿಕೆ ಹೇಳಿ ಬಿಟ್ಟರು. ಪಾಠ ನನಗೆ ತಿಳಿದಿತ್ತು ಎಂಬುದನ್ನು ನೀವು ನೆನಪಿಡಬೇಕು. ಗೊತ್ತಿಲ್ಲದೆ ಮಾಡಿದೆ ಎಂದು ನಾನು ಹೇಳುವಂತಿಲ್ಲ.

ಕೆಲವು ವರ್ಷಗಳ ಮೇಲೆ ಮುಳಬಾಗಿಲಿಗೆ ವರ್ಗವಾಯಿತು. ಬೈರಕೂರಿನ ಮುನಿಯಮ್ಮ ಎಂಬ ಮುದುಕಿ ಸಂತೆಯಲ್ಲಿ ಕುರಿ ಮಾರಿದಾಗ ಕೊಂಡವನು ಮಕ್ಕಳಾಟದ ನೋಟುಗಳನ್ನು ಮಡಿಸಿ ಕೈಗಿತ್ತು ಹೋಗಿದ್ದ. ಆರೋಪಿ ಸಿಕ್ಕಿದ್ದ, ನೋಟುಗಳೂ ಸಿಕ್ಕಿದ್ದವು. ಇದು ಸೋಲದ ಕೇಸು ಎಂದುಕೊಂಡು ಸಾಕ್ಷಿಯನ್ನು ತಯಾರು ಮಾಡದೆ ಕಟಕಟೆಗೆ ಹತ್ತಿಸಿದೆ. ಎದುರು ವಕೀಲರು ಒಂದು ನಿಜವಾದ ನೋಟನ್ನೂ ಒಂದು ಆಟದ ನೋಟನ್ನೂ ಅವಳ ಮುಂದೆ ಹಿಡಿದು, ನಿನಗೆ ಮೋಸ ಮಾಡಿದ್ದು ಯಾವುದು ಎಂದರು. ಅವಳು ಬಹಳ ಹೊತ್ತು ನೋಡಿ ನಿಜವಾದ ನೋಟನ್ನು ತೋರಿಸಿದಳು. ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಆರೋಪಿ ಖುಲಾಸೆಯಾದ.

ಹೊರಗೆ ಬಂದು ಅವಳು ನನ್ನ ಕೋಟಿನ ತೋಳು ಹಿಡಿದುಕೊಂಡಳು. "ನಂಗೆ ಗುರ್ತು ಸಿಗ್ದೆ ಇದ್ದಿದ್ದಕ್ಕೇ ಅಲ್ವೇನವ್ವ ಮೋಸ ಆಗಿದ್ದು? ಅಷ್ಟು ನೀನು ಹೇಳ್ಬಾರ್ದಾಗಿತ್ತಾ?"

ಹೇಳಬಹುದಾಗಿತ್ತು. ಆ ಒಂದು ವಾಕ್ಯ ಅಂದು ನನಗೆ ಹೊಳೆಯಲಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಐನೂರರ, ಸಾವಿರದ ನೋಟುಗಳು ರದ್ದಾದ ಚಳಿಗಾಲ. ಅಷ್ಟರಲ್ಲಿ ರಾಯರು ನಿವೃತ್ತರಾಗಿ ಬಹಳ ವರ್ಷವಾಗಿತ್ತು. ನಾನು ಶ್ರೀನಿವಾಸಪುರದ ಕಡೆ ಇದ್ದೆ. ಠಾಣೆಯ ಹೆಸರು ಬರೆಯುವುದಿಲ್ಲ, ಬೇಕಾಗಿಯೂ ಇಲ್ಲ.

ಗೌನಿಪಲ್ಲಿ ಹತ್ತಿರ ವೆಂಕಟರವಣಪ್ಪ ಎಂಬುವರು ಟೊಮೇಟೊ ಆರಿಸಿ ಕ್ರೇಟಿಗೆ ತುಂಬಿಸುವ ಒಂದು ಶೆಡ್ಡು ನಡೆಸುತ್ತಿದ್ದರು. ನಲವತ್ತು ಹೆಂಗಸರು ಕೆಲಸಕ್ಕಿದ್ದರು. ದಿನಗೂಲಿ. ಒಂದು ವಾರದಲ್ಲಿ ಚಿಲ್ಲರೆ ನೋಟು ಊರಿಂದಲೇ ಮಾಯವಾಯಿತು. ಬ್ಯಾಂಕಿನ ಮುಂದೆ ಸಾಲು ನಿಂತವರಿಗೆ ಸಿಕ್ಕಿದ್ದು ಎರಡು ಸಾವಿರದ ಗುಲಾಬಿ ನೋಟು, ಅದನ್ನು ಮುರಿಸುವವರೇ ಇಲ್ಲ. ಹೆಂಗಸರು ಅಕ್ಕಿಗೆ ಅಂಗಡಿಗೆ ಹೋದರೆ ಅಂಗಡಿಯವನು ಸಾಲ ಕೊಡಲು ಒಪ್ಪಲಿಲ್ಲ. ವೆಂಕಟರವಣಪ್ಪ ಅಂಗಡಿಯವನ ಹತ್ತಿರ ತಾವೇ ಹೋಗಿ, ನನ್ನ ಚೀಟಿ ತಂದವರಿಗೆ ಸಾಮಾನು ಕೊಡಿ, ನೋಟು ಬಂದ ಮೇಲೆ ನಾನು ತೀರಿಸುತ್ತೇನೆ ಎಂದು ಒಪ್ಪಿಸಿದರು. ಹಿಟ್ಟಿನ ಗಿರಣಿಯವನೂ ಒಪ್ಪಿದ.

ಚೀಟಿ ಅಚ್ಚು ಹಾಕಿದವರು ರಹಮತ್ ಸಾಬರು. ತಾಲ್ಲೂಕು ಪೇಟೆಯಲ್ಲಿ ಅವರದೊಂದು ಹಳೆಯ ಮುದ್ರಣ ಯಂತ್ರ, ಕಾಲಲ್ಲಿ ತುಳಿಯುವಂಥದ್ದು. ಮದುವೆ ಕಾರ್ಡು, ತಿಥಿ ಕಾರ್ಡು ಹೊಡೆಯುತ್ತಿದ್ದರು. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಎಡಪಾದದಲ್ಲಿ ಆರದ ಒಂದು ಹುಣ್ಣು. ಉಳಿದಿದ್ದ ಮದುವೆ ಕಾರ್ಡಿನ ರಟ್ಟಿನಲ್ಲಿ, ಬಂಗಾರ ಬಣ್ಣದ ಬಳ್ಳಿಯ ಅಂಚು ಹಾಗೇ ಇರಲಿಕ್ಕೆ ಬಿಟ್ಟು, ನಡುವೆ ಕನ್ನಡದಲ್ಲೂ ತೆಲುಗಿನಲ್ಲೂ ಹೊಡೆದುಕೊಟ್ಟರು: "ಈ ಚೀಟಿ ತಂದವರಿಗೆ ನೂರು ರೂಪಾಯಿ ಕೊಡಲಾಗುವುದು." ಮೂಲೆಯಲ್ಲಿ ಟೊಮೇಟೊ ಹಣ್ಣಿನ ಚಿತ್ರ. ಕ್ರಮಸಂಖ್ಯೆ ಹಾಕಬೇಕೆಂದು ಸಾಬರೇ ಹೇಳಿದರಂತೆ, ಲೆಕ್ಕ ತಪ್ಪಬಾರದು ಎಂದು.

ಎರಡು ವಾರ ಅದು ಚೆನ್ನಾಗಿಯೇ ನಡೆಯಿತು. ಆಂಧ್ರದ ಗಡಿಯಾಚೆಯ ಹಳ್ಳಿಗಳಲ್ಲೂ ಚೀಟಿ ಓಡಿತು. ಆಮೇಲೆ ಯಾರೋ ಅದನ್ನು ಬಣ್ಣದ ಜೆರಾಕ್ಸ್ ಮಾಡಿದರು. ಒಂದೇ ಸಂಖ್ಯೆಯ ಚೀಟಿ ಮೂರು ಕೈಗಳಲ್ಲಿ ಕಾಣಿಸಿಕೊಂಡಿತು. ವೆಂಕಟರವಣಪ್ಪ ಮೊದಲು ಎಲ್ಲವನ್ನೂ ಒಪ್ಪಿಕೊಂಡರು, ಹೆಂಗಸರನ್ನು ಕಳ್ಳಿಯರು ಎನ್ನಲು ಮನಸ್ಸಾಗಲಿಲ್ಲವಂತೆ. ಒಂದು ಬೆಳಿಗ್ಗೆ ಅವರ ಕೈ ಬರಿದಾಯಿತು. ಶೆಡ್ಡಿನ ಮುಂದೆ ಜನ ಸೇರಿದರು, ಕೂಗಾಟವಾಯಿತು, ಯಾರೋ ಕಲ್ಲೆಸೆದರು. ಪೊಲೀಸರು ಬಂದರು.

ಆ ತಿಂಗಳು ಎಲ್ಲ ಠಾಣೆಗಳಿಗೂ ನೋಟಿನ ಕೇಸು ಬೇಕಾಗಿತ್ತು. ಇನ್ಸ್‌ಪೆಕ್ಟರು ಚೀಟಿಯೊಂದನ್ನು ಗುಂಡುಪಿನ್ನಿನಿಂದ ಕಡತಕ್ಕೆ ಚುಚ್ಚಿ ನನ್ನ ಮೇಜಿಗೆ ತಂದರು.

"ಮೇಡಂ, ಖೋಟಾ ನೋಟಿನ ಸೆಕ್ಷನ್ ಹಾಕಿದೀವಿ. ಮಾಡಿಸಿದೋನು, ಮಾಡಿದೋನು, ಇಬ್ರೂ ಸಿಕ್ಕಿದಾರೆ. ಮೇಲಿಂದ ಫೋನ್ ಮೇಲೆ ಫೋನು. ಜಾಮೀನು ಸಿಗ್ಬಾರ್ದು."

"ಇದರಲ್ಲಿ ಟೊಮೇಟೊ ಇದೆಯಲ್ರೀ" ಎಂದೆ.

ಇನ್ಸ್‌ಪೆಕ್ಟರು ನಕ್ಕರು. ನಾನೂ ನಕ್ಕೆ. ಆ ನಗೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅಷ್ಟು ಹೊತ್ತಿಗೆ ನಮಗೆ ಕಂಪ್ಯೂಟರು ಬಂದಿತ್ತು. ಜಾಮೀನಿಗೆ ತಕರಾರು ಎಂದರೆ ಹಳೆಯದೊಂದನ್ನು ತೆರೆದು ಹೆಸರು, ಕಲಂ, ದಿನಾಂಕ ಬದಲಾಯಿಸುವುದು. "ಆರೋಪವು ಗಂಭೀರ ಸ್ವರೂಪದ್ದಾಗಿದ್ದು ಜೀವಾವಧಿ ಶಿಕ್ಷೆಗೆ ಗುರಿಯಾಗುವಂಥದ್ದು. ಆರೋಪಿಗಳು ಪ್ರಭಾವಿಗಳಾಗಿದ್ದು ಸಾಕ್ಷ್ಯ ನಾಶಪಡಿಸುವ ಸಂಭವವಿದೆ. ಆದ್ದರಿಂದ ಅರ್ಜಿಯನ್ನು ವಜಾ ಮಾಡಬೇಕು." ಮೂರು ವಾಕ್ಯ. ಕಾಲಲ್ಲಿ ಯಂತ್ರ ತುಳಿಯುವ ಮುದುಕರನ್ನು ಪ್ರಭಾವಿ ಎಂದು ಬರೆದೆ. ಓದಿ ನೋಡಲಿಲ್ಲ. ಐದು ನಿಮಿಷದ ಕೆಲಸ.

ನ್ಯಾಯಾಲಯದಲ್ಲಿ ಸಾಬರು ಕೈ ಮುಗಿದು ಒಂದೇ ಮಾತು ಹೇಳಿದರು. "ಹುಜೂರ್, ನಾನು ಮದ್ವೆ ಕಾರ್ಡು ಹೊಡಿಯೋನು. ನೋಟು ಹೊಡಿಯಕ್ಕೆ ನಂಗೆ ಬರಲ್ಲ." ವೆಂಕಟರವಣಪ್ಪ, "ಸ್ವಾಮಿ, ಆಯಪ್ಪನ್ನ ಬಿಟ್ಬುಡಿ, ತಪ್ಪು ನಂದು" ಎಂದರು. ಜಾಮೀನು ಸಿಗಲಿಲ್ಲ. ಇಬ್ಬರನ್ನೂ ಜೈಲಿಗೆ ಕಳಿಸಿದರು. ಯಂತ್ರವನ್ನು ಲಾರಿಯಲ್ಲಿ ತಂದು ಠಾಣೆಯ ಅಂಗಳದಲ್ಲಿ ಬಯಲಿಗೇ ಇಳಿಸಿದರು.

ಮಾರನೇ ದಿನ ಪತ್ರಿಕೆಯಲ್ಲಿ ಖೋಟಾ ನೋಟಿನ ಜಾಲ ಎಂದು ಬಂತು. ಅದನ್ನು ಓದಿ ಶೇಷಗಿರಿರಾಯರು ನನಗೆ ಫೋನು ಮಾಡಿದರು.

"ಆ ಚೀಟಿ ಯಾವ ನೋಟಿನ ಹಾಗಿದೆಯಮ್ಮ?"

"ಯಾವುದರ ಹಾಗೂ ಇಲ್ಲ ಸಾರ್."

"ಮತ್ತೆ ಖೋಟಾ ಎಲ್ಲಿಂದ ಬಂತು?"

ನಾನು ಮೇಲಿನವರ ಒತ್ತಡ, ಈಗಿನ ಪರಿಸ್ಥಿತಿ ಎಂದೆಲ್ಲ ಹೇಳತೊಡಗಿದೆ. ಅವರು ಪೂರ್ತಿ ಕೇಳಿದರು.

"ಮಾಲೂರಿನ ಬಿಲ್ಲೆ ನೆನಪಿದೆಯಾ?"

"ಇದೆ ಸಾರ್."

"ಹಾಗಾದ್ರೆ ನಾನು ಫೋನ್ ಮಾಡಬೇಕಾಗಿರಲಿಲ್ಲ" ಎಂದು ಇಟ್ಟುಬಿಟ್ಟರು. ಆಮೇಲೆ ಅವರು ನನ್ನ ಜೊತೆ ಮಾತಾಡಲೇ ಇಲ್ಲ. ಎರಡು ವರ್ಷದ ಮೇಲೆ ಹೋಗಿಬಿಟ್ಟರು.

ನಾನು ಕೋಲಾರಕ್ಕೆ ಹೋಗಿ ಆಗಿನ ನನ್ನ ಮೇಲಧಿಕಾರಿಯನ್ನು ಕಂಡು, ಕಲಂ ತಪ್ಪಾಗಿದೆ, ಇದು ಪೊಲೀಸರು ಹೂಡುವ ಕೇಸೇ ಅಲ್ಲ ಎಂದು ವಿವರಿಸಿದೆ. ಅವರು ಕೆಟ್ಟವರಲ್ಲ. ಹಣೆ ಉಜ್ಜಿಕೊಂಡು, "ನೀವು ಹೇಳೋದು ಸರಿ ಇರ್ಬೋದು. ಈಗ ಹಿಂದೆ ಸರಿದ್ರೆ ದುಡ್ಡು ತಿಂದು ಬಿಟ್ರು ಅಂತಾರೆ. ಆರೋಪ ಹೊರಿಸೋ ಹಂತದಲ್ಲಿ ಕೋರ್ಟೇ ನೋಡ್ಕೊಳ್ಳುತ್ತೆ, ಬಿಡಿ" ಎಂದರು. ನಾನು ಬಿಟ್ಟೆ. ಬಸ್ಸಿನಲ್ಲಿ ಹಿಂದಿರುಗುವಾಗ, ನನ್ನ ಕರ್ತವ್ಯ ಮಾಡಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ತಿಂಗಳ ಮೇಲೆ ಸಾಬರ ವಕೀಲರು ಇನ್ನೊಂದು ಅರ್ಜಿ ಹಾಕಿದರು. ಪಾದದ ಹುಣ್ಣು ಕೊಳೆಯತೊಡಗಿತ್ತು. ಎಂಥ ಆರೋಪವಿದ್ದರೂ ಕಾಯಿಲೆಯವರಿಗೆ ಜಾಮೀನು ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇತ್ತು. ನಾನು ಎದ್ದು ನಿಂತು "ತಕರಾರಿಲ್ಲ" ಎಂದಿದ್ದರೆ ಸಾಕಿತ್ತು. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಆದರೆ ಹಾಗೆನ್ನಲು ಧೈರ್ಯ ಬರಲಿಲ್ಲ. ತಕರಾರಿದೆ ಎನ್ನಲು ಮನಸ್ಸೂ ಬರಲಿಲ್ಲ.

ಆ ದಿನ ನಾನು ರಜೆ ಹಾಕಿದೆ. ಜ್ವರ ಎಂದು ಬರೆದೆ. ಜ್ವರ ಇರಲಿಲ್ಲ. ಪಕ್ಕದ ತಾಲ್ಲೂಕಿನಿಂದ ಬಂದ ಸಹೋದ್ಯೋಗಿಗೆ ಕೇಸಿನ ತಲೆಬುಡ ತಿಳಿಯದು. ಕಡತದಲ್ಲಿದ್ದ ನನ್ನ ಮೂರು ವಾಕ್ಯಗಳನ್ನೇ ಮತ್ತೆ ಓದಿ ಹೇಳಿದರಂತೆ. ಅರ್ಜಿ ವಜಾ ಆಯಿತು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಸಾಬರನ್ನು ಆಸ್ಪತ್ರೆಗೆ ಸೇರಿಸಿದರು, ಮೊಣಕಾಲಿನ ಕೆಳಗೆ ಕತ್ತರಿಸಿದರು, ನಂಜು ಅಷ್ಟರಲ್ಲೇ ಮೇಲೇರಿತ್ತು. ಜೈಲಿಗೆ ಹೋಗಿ ಎರಡು ತಿಂಗಳು ತುಂಬುವ ಮೊದಲೇ ತೀರಿಕೊಂಡರು. ವೆಂಕಟರವಣಪ್ಪನವರಿಗೆ ಅದಾದ ಮೇಲೆ ಜಿಲ್ಲಾ ನ್ಯಾಯಾಲಯದಲ್ಲಿ ಜಾಮೀನು ಸಿಕ್ಕಿತು.

ಕೇಸು ಕೋಲಾರದ ಸೆಷನ್ಸ್ ನ್ಯಾಯಾಲಯದಲ್ಲಿ ಆರೋಪ ಹೊರಿಸುವ ಹಂತಕ್ಕೆ ಬರಲು ಒಂದು ವರ್ಷವಾಯಿತು. ಆದೇಶದ ದಿನ ನಾನು ಕೋಟು ಹಾಕಿಕೊಳ್ಳದೆ, ಸಾದಾ ಸೀರೆಯಲ್ಲಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಕಲಾಪದ ಪಟ್ಟಿಯಲ್ಲಿ ಸಾಬರ ಹೆಸರು ಹಾಗೆಯೇ ಉಳಿದಿತ್ತು. ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ, "ಎರಡನೇ ಆರೋಪಿ ರಹಮತ್ ಸಾಬ್!"

ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ನಿಂತಳು. "ಅವ್ರಿಲ್ಲ ಸ್ವಾಮಿ" ಎಂದಳು.

ನ್ಯಾಯಾಧೀಶರು ತಲೆಯೆತ್ತಿ ನೋಡಿದರು, ಗುಮಾಸ್ತ ಏನೋ ಪಿಸುಗುಟ್ಟಿದ ಮೇಲೆ ಕೂರಮ್ಮ ಎಂದರು. ಆದೇಶ ಚಿಕ್ಕದಾಗಿತ್ತು. ವೆಂಕಟರವಣಪ್ಪ ಆರೋಪಮುಕ್ತರಾದರು. ಅವರು ಕಟಕಟೆಯಿಂದ ಇಳಿದು ಬಂದು ಆ ಹೆಂಗಸಿನ ಕಾಲು ಮುಟ್ಟಲು ಬಗ್ಗಿದಾಗ ಅವಳು ಹಿಂದೆ ಸರಿದು, "ಬ್ಯಾಡಣ್ಣ, ಬ್ಯಾಡ" ಎಂದಳು. ಅವರು ಮುಖಕ್ಕೆ ಟವೆಲ್ ಒತ್ತಿಕೊಂಡು ಹೊರಟುಹೋದರು. ಶೆಡ್ಡು ಆಮೇಲೆ ತೆರೆಯಲಿಲ್ಲ.

ಅವಳು ಸಾಬರ ಹೆಂಡತಿ ಮಹಬೂಬಿ. ಮಧ್ಯಾಹ್ನ ವಕೀಲರು ಆದೇಶದ ಪ್ರತಿಯೊಂದನ್ನು ಅವಳ ಕೈಗೆ ಕೊಟ್ಟು ಬೇರೆ ಕೇಸಿಗೆ ಓಡಿದರು. ನಾನಿನ್ನೂ ಹೊರಗಿನ ಕಲ್ಲು ಬೆಂಚಿನಲ್ಲೇ ಇದ್ದೆ. ಅವಳು ಪಕ್ಕಕ್ಕೆ ಬಂದು ಕೂತಳು.

"ನಿಮ್ದೂ ಕೇಸೈತಾ ಅಮ್ಮ?"

ನಾನು ಹೌದೆನ್ನುವಂತೆ ತಲೆಯಾಡಿಸಿದೆ.

"ಓದಕ್ಕೆ ಬರುತ್ತಾ? ಇದ್ರಾಗೆ ನಮ್ಮೋರಿಗೆ ಏನು ಬರ್ದವ್ರೆ, ಒಸಿ ಓದಿ ಹೇಳಿ."

ನಾನು ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಓದುತ್ತಾ ಹೋದೆ. ಚೀಟಿಯು ಯಾವ ನೋಟನ್ನೂ ಹೋಲುವುದಿಲ್ಲ. ಮೂವತ್ತೊಂದನೇ ಕಲಮಿನ ಉಲ್ಲಂಘನೆಗೆ ಪೊಲೀಸರು ಕೇಸು ಹೂಡಲಾಗದು. ಕೆಳ ನ್ಯಾಯಾಲಯದಲ್ಲಿ ಸಹಾಯಕ ಅಭಿಯೋಜಕರ ತಕರಾರಿನ ಮೇರೆಗೆ ಆರೋಪಿಗಳಿಗೆ ಜಾಮೀನು ನಿರಾಕರಿಸಲಾಗಿತ್ತು.

"ಅದ್ಯಾರಮ್ಮ, ತಕರಾರು ಮಾಡಿದ್ದು?"

"ನಾನೇ" ಎಂದೆ.

ಅವಳು ನನ್ನ ಮುಖ ನೋಡಿದಳು. ಎದ್ದು ಹೋಗುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು.

"ಮುಂದೆ ಓದಿ."

ಓದಿದೆ. ಮೊದಲನೇ ಆರೋಪಿಯ ವಿರುದ್ಧ ಯಾವ ಅಪರಾಧವೂ ಕಂಡುಬರುವುದಿಲ್ಲ. ಎರಡನೇ ಆರೋಪಿ ಮೃತರಾದ ಕಾರಣ ಅವರ ಮಟ್ಟಿಗೆ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ. ಅಲ್ಲಿಗೆ ಪುಟ ಮುಗಿಯಿತು.

"ನಮ್ಮೋರು ತಪ್ಪು ಮಾಡಿಲ್ಲ ಅಂತ ಬರ್ದಿಲ್ವಾ?"

"ಇಲ್ಲಮ್ಮ. ಸತ್ತವರ ವಿಷಯ ಕೋರ್ಟು ತೀರ್ಮಾನ ಮಾಡಲ್ಲ."

"ವೆಂಕಟರವಣಣ್ಣಂಗೆ ಬರ್ದವ್ರಲ್ಲ."

"ಅವರು ಬದುಕಿದಾರೆ."

ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿದಳು. "ನೀವು ಬರೆಯೋರಲ್ವಾ" ಎಂದಳು, ಕೋಪದಲ್ಲಲ್ಲ, ಸಹಾಯ ಕೇಳುವವಳ ಹಾಗೆ. "ಒಂದು ಕಡೆ ಬರ್ದು ಕೊಡಿ. ಮಗಳ ಮನೇಲಿ ತೋರುಸ್ಬೇಕು. ಅಳಿಯನ ಕಡೆಯೋರು ಖೋಟಾ ನೋಟಿನ ಮನೆ ಅಂತವ್ರೆ."

ನಾನಾಗ ಕೆಲಸದಲ್ಲಿದ್ದೆ. ನ್ಯಾಯಾಲಯ ಹೇಳದ್ದನ್ನು ಅಭಿಯೋಜಕಿ ಬರೆದು ಕೊಡುವಂತಿಲ್ಲ. ಹಾಗೆಂದೇ ಅವಳಿಗೆ ಹೇಳಿದೆ. ಆಗಲಿ ಎಂದು ಎದ್ದು, ಬಸ್ಸಿಗೆ ಹೊತ್ತಾಯಿತು ಎಂದು ಹೋದಳು.

ಈಗ ಕೆಲಸದಲ್ಲಿಲ್ಲ. ಬರೆಯುತ್ತೇನೆ. ಶ್ರೀನಿವಾಸಪುರದ ಮುದ್ರಕರಾದ ರಹಮತ್ ಸಾಬರು ಯಾವ ಖೋಟಾ ನೋಟನ್ನೂ ಮುದ್ರಿಸಿರಲಿಲ್ಲ. ಅವರು ಪ್ರಭಾವಿಗಳಾಗಿರಲಿಲ್ಲ, ಯಾವ ಸಾಕ್ಷ್ಯವನ್ನೂ ನಾಶ ಮಾಡುವವರಾಗಿರಲಿಲ್ಲ. ಹಾಗೆಂದು ನಾನು ಬರೆದದ್ದು ಸುಳ್ಳು. ಈ ಬರಹದ ಒಂದು ಪ್ರತಿಯನ್ನು ನಾಳೆ ಮಹಬೂಬಿಯವರ ಮಗಳ ಮನೆಗೆ ತೆಗೆದುಕೊಂಡು ಹೋಗುತ್ತಿದ್ದೇನೆ. ಅಳಿಯನ ಕಡೆಯವರು ಕೂತು ಕೇಳಲು ಒಪ್ಪಿದರೆ ನಾನೇ ಓದಿ ಹೇಳುತ್ತೇನೆ.